ಸಿಸೇರಿಯನ್ ಆಗಿ ವರ್ಷ ತುಂಬಿಲ್ಲ, ಮತ್ತೆ ಗರ್ಭ ನಿಂತಿದೆ. ಮಾತ್ರೆ ತೆಗೆದುಕೊಳ್ಳಬಹುದಾ?

ಬದಿಯಡ್ಕದ ತಾಯಿ

ಎಲ್ಲರಿಗೂ ನಮಸ್ಕಾರ. ಹೆಸರು ಹಾಕುತ್ತಿಲ್ಲ, ದಯವಿಟ್ಟು ಯಾರೂ ಕೇಳಬೇಡಿ.

ನನ್ನ ಮೊದಲ ಮಗುವಿಗೆ ಈಗ ಹತ್ತು ತಿಂಗಳು. ಸಿಸೇರಿಯನ್ ಹೆರಿಗೆ. ಮಗು ಈಗಲೂ ಎದೆಹಾಲು ಕುಡಿಯುತ್ತದೆ. ಬಾಣಂತನ ಮುಗಿದ ಮೇಲೂ ನನಗೆ ಮುಟ್ಟು ಶುರುವಾಗಲೇ ಇಲ್ಲ. ಹಾಲು ಕುಡಿಸುವಾಗ ಗರ್ಭ ನಿಲ್ಲುವುದಿಲ್ಲ ಎಂದು ಅತ್ತೆಯೂ ಹೇಳಿದ್ದರು, ಅಮ್ಮನೂ ಹೇಳಿದ್ದರು. ಗಂಡ ದುಬೈಯಲ್ಲಿ ಇರುವುದು, ರಜೆಗೆ ಬಂದು ಹೋದರು. ಈಗ ಸ್ವಲ್ಪ ದಿನದಿಂದ ಬೆಳಿಗ್ಗೆ ವಾಕರಿಕೆ, ಒಗ್ಗರಣೆ ವಾಸನೆ ಆಗುವುದಿಲ್ಲ. ಕಿಟ್ ತರಿಸಿ ನೋಡಿದೆ. ಎರಡು ಗೆರೆ ಬಂತು.

ಈಗಲೇ ಇನ್ನೊಂದು ಮಗು ನನ್ನಿಂದ ಆಗುವುದಿಲ್ಲ. ತುಂಬಾ ಯೋಚನೆ ಮಾಡಿಯೇ ಹೇಳುತ್ತಿದ್ದೇನೆ. ರಾತ್ರಿ ಮಗು ಎದ್ದರೆ ಎತ್ತಿಕೊಳ್ಳಲು ನಾನೊಬ್ಬಳೇ. ಹೆರಿಗೆಯ ಹೊತ್ತಿಗೆ ರಕ್ತ ಕಡಿಮೆ ಇತ್ತು, ಈಗ ಎಷ್ಟಿದೆ ಗೊತ್ತಿಲ್ಲ. ಗಂಡನಿಗೆ ಫೋನಿನಲ್ಲಿ ಹೇಳಿದೆ. "ನಿನಗೆ ಹೇಗೆ ಸರಿ ಕಾಣುತ್ತದೋ ಹಾಗೆ ಮಾಡು, ನಾನಿದ್ದೇನೆ" ಅಂದರು. ಅತ್ತೆಗೆ ಇನ್ನೂ ಹೇಳಿಲ್ಲ.

ಮಂಗಳೂರಿನಲ್ಲಿರುವ ಸಂಬಂಧಿಯೊಬ್ಬಳು ಚೀಟಿ ಇಲ್ಲದೆಯೇ ಮೆಡಿಕಲ್‌ನಿಂದ ಮಾತ್ರೆ ತಂದುಕೊಡುತ್ತೇನೆ ಎಂದಿದ್ದಾಳೆ. ತಗೊಳ್ಳಬಹುದಾ? ಸಿಸೇರಿಯನ್ ಆದವರಿಗೆ ಅದು ಆಗುತ್ತದಾ? ಹಾಲು ನಿಲ್ಲಿಸಬೇಕಾ? ಆಸ್ಪತ್ರೆಗೆ ಹೋದರೆ ಗಂಡನ ಸಹಿ ಬೇಕಂತೆ, ಅವರು ಇಲ್ಲೇ ಇಲ್ಲವಲ್ಲ. ನಮ್ಮ ಊರಲ್ಲಿ ಆಶಾ ಅಕ್ಕನಿಂದ ಹಿಡಿದು ಲ್ಯಾಬಿನವರ ತನಕ ಎಲ್ಲರೂ ಪರಿಚಯ. ಅದೇ ದೊಡ್ಡ ಹೆದರಿಕೆ.

ಉಪ್ಪಳದ ಅಕ್ಕ

ತಂಗೀ, ಮೊದಲು ಗಾಬರಿ ಬಿಡಿ. ಈ ಪ್ರಶ್ನೆ ಕೇಳುವ ಮೊದಲ ಹೆಂಗಸು ನೀವಲ್ಲ. ಆದರೆ ಆ ಮಾತ್ರೆ ಕೈಗೆ ಬಂದರೂ ಈಗಲೇ ನುಂಗಬೇಡಿ. ಇಲ್ಲಿ ನರ್ಸ್ ಒಬ್ಬರು ಇದ್ದಾರೆ, ಅವರು ಬರೆಯುವವರೆಗೆ ಕಾಯಿರಿ.

ಹೆರಿಗೆ ವಾರ್ಡಿನ ನರ್ಸ್

ನಾನು ಕಾಸರಗೋಡಿನವಳು, ಬಹಳ ವರ್ಷದಿಂದ ಹೆರಿಗೆ ವಾರ್ಡಿನಲ್ಲಿ ಕೆಲಸ. ಸ್ವಲ್ಪ ಉದ್ದ ಬರೆಯುತ್ತೇನೆ, ಪೂರ್ತಿ ಓದಿ.

ಎದೆಹಾಲು ಗರ್ಭ ತಡೆಯುವುದು ಮೂರು ಸಂಗತಿ ಒಟ್ಟಿಗೆ ಇದ್ದರೆ ಮಾತ್ರ. ಮಗುವಿಗೆ ಆರು ತಿಂಗಳು ತುಂಬಿರಬಾರದು. ಎದೆಹಾಲು ಬಿಟ್ಟು ಬೇರೇನೂ ಕೊಡುತ್ತಿರಬಾರದು. ಮುಟ್ಟು ಮತ್ತೆ ಶುರುವಾಗಿರಬಾರದು. ನಿಮ್ಮ ಮಗುವಿಗೆ ಹತ್ತು ತಿಂಗಳು, ರಾಗಿ ಮಣ್ಣಿ, ಅನ್ನ ಎಲ್ಲ ಶುರುವಾಗಿರುತ್ತದೆ. ಮುಟ್ಟು ಬರುವುದಕ್ಕೆ ಮೊದಲೇ ಅಂಡ ಬಿಡುಗಡೆಯಾಗುತ್ತದೆ. ಹಾಗಾಗಿ ಒಂದು ಸಲವೂ ಮುಟ್ಟಾಗದೆ ಗರ್ಭ ನಿಂತವರನ್ನು ನಾವು ಜಾಸ್ತಿಯೇ ನೋಡುತ್ತೇವೆ.

ಈಗ ಮಾತ್ರೆಯ ವಿಷಯ. ಅದು ಎರಡು ಔಷಧಿ. ಮೊದಲನೆಯದು ಮಿಫೆಪ್ರಿಸ್ಟೋನ್ 200 ಮಿಲಿಗ್ರಾಂ, ಅದು ಗರ್ಭವನ್ನು ಹಿಡಿದಿಡುವ ಹಾರ್ಮೋನಿನ ಕೆಲಸ ನಿಲ್ಲಿಸುತ್ತದೆ. ಒಂದೆರಡು ದಿನದ ನಂತರ ಮಿಸೋಪ್ರೊಸ್ಟಾಲ್ 800 ಮೈಕ್ರೋಗ್ರಾಂ, ಅದು ಗರ್ಭಕೋಶವನ್ನು ಹಿಂಡಿ ಹೊರಗೆ ಹಾಕುತ್ತದೆ. ನಮ್ಮ ದೇಶದಲ್ಲಿ ಇದನ್ನು ಒಂಬತ್ತು ವಾರದೊಳಗೆ, ಅಂದರೆ 63 ದಿನದೊಳಗೆ ಕೊಡುತ್ತಾರೆ. ಹೊತ್ತಿಗೆ ಸರಿಯಾಗಿ ತೆಗೆದುಕೊಂಡರೆ ನೂರರಲ್ಲಿ ಸುಮಾರು 95ಕ್ಕಿಂತ ಹೆಚ್ಚು ಜನರಿಗೆ ಪೂರ್ತಿ ಆಗುತ್ತದೆ. ಉಳಿದವರಿಗೆ ಮತ್ತೆ ಔಷಧಿಯೋ ಕ್ಲೀನ್ ಮಾಡುವುದೋ ಬೇಕಾಗುತ್ತದೆ.

ಈ ಒಂಬತ್ತು ವಾರದ ಲೆಕ್ಕ ಕೊನೆಯ ಮುಟ್ಟಿನ ಮೊದಲ ದಿನದಿಂದ. ನಿಮಗೆ ಆ ದಿನವೇ ಇಲ್ಲ. ಗಂಡ ರಜೆಗೆ ಬಂದ ದಿನದಿಂದ ಎಣಿಸಿದರೆ ಲೆಕ್ಕ ಎರಡು ವಾರ ಕಡಿಮೆ ಬರುತ್ತದೆ. ಆರು ವಾರ ಎಂದು ನೀವು ಅಂದುಕೊಂಡದ್ದು ಸ್ಕ್ಯಾನಿನಲ್ಲಿ ಎಂಟು ಇರಬಹುದು. ಆದ್ದರಿಂದ ಸ್ಕ್ಯಾನ್ ಮಾಡಿಸದೆ ನೀವು ಮಾತ್ರೆ ಮುಟ್ಟಲೇಬಾರದು. ತಡವನ್ನೂ ಮಾಡಬಾರದು.

ಎರಡನೆಯ ಕಾರಣ ಇನ್ನೂ ದೊಡ್ಡದು. ಗರ್ಭ ಎಲ್ಲಿ ಕೂತಿದೆ ಎಂಬುದು. ನೂರರಲ್ಲಿ ಒಂದೋ ಎರಡೋ ಗರ್ಭ ಗರ್ಭಕೋಶದ ಹೊರಗೆ, ಹೆಚ್ಚಾಗಿ ಅಂಡನಾಳದಲ್ಲಿ ನಿಲ್ಲುತ್ತದೆ. ಸಿಸೇರಿಯನ್ ಆದವರಲ್ಲಿ ಅಪರೂಪಕ್ಕೆ ಹಳೆಯ ಹೊಲಿಗೆಯ ಕಲೆಯಲ್ಲೇ ಕೂರುವುದುಂಟು. ನಾಳದಲ್ಲಿ ನಿಂತ ಗರ್ಭಕ್ಕೆ ಈ ಮಾತ್ರೆ ಏನೂ ಮಾಡುವುದಿಲ್ಲ. ರಕ್ತ ಹೋಗುತ್ತದೆ, ಆಯಿತು ಎಂದು ಸುಮ್ಮನಿರುತ್ತಾರೆ. ಒಳಗೆ ನಾಳ ಒಡೆದರೆ ಜೀವಕ್ಕೇ ಅಪಾಯ. ಹೊಟ್ಟೆಯ ಒಂದೇ ಬದಿಯಲ್ಲಿ ಜೋರು ನೋವು, ಭುಜದ ತುದಿಯಲ್ಲಿ ನೋವು, ತಲೆ ತಿರುಗಿ ಬೀಳುವ ಹಾಗೆ ಆಗುವುದು ಇದ್ದರೆ ರಾತ್ರಿಯಾದರೂ ಆಸ್ಪತ್ರೆಗೆ ಓಡಬೇಕು.

ಸಿಸೇರಿಯನ್ ಆಗಿದೆ ಎಂಬುದೊಂದೇ ಕಾರಣಕ್ಕೆ ಮಾತ್ರೆ ಬೇಡ ಎನ್ನುವುದಿಲ್ಲ. ಗರ್ಭ ಸರಿಯಾದ ಜಾಗದಲ್ಲಿದ್ದರೆ ಕೊಡುತ್ತಾರೆ. ಆದರೆ ರಕ್ತ ಪರೀಕ್ಷೆ ಬೇಕು. ಹಿಮೋಗ್ಲೋಬಿನ್ ಎಂಟಕ್ಕಿಂತ ಕಡಿಮೆ ಇದ್ದರೆ ಮಾತ್ರೆ ಕೊಡುವುದಿಲ್ಲ, ಬೇರೆ ದಾರಿ ನೋಡುತ್ತಾರೆ. ರಕ್ತದ ಗುಂಪು ನೆಗೆಟಿವ್ ಆಗಿದ್ದರೆ ಮೊದಲೇ ಹೇಳಿ. ರಕ್ತ ಹೆಪ್ಪುಗಟ್ಟದ ತೊಂದರೆ, ತುಂಬಾ ದಿನದಿಂದ ಸ್ಟೀರಾಯ್ಡ್ ಮಾತ್ರೆ, ಒಳಗೆ ಕಾಪರ್ ಟಿ, ಇವೆಲ್ಲ ಇದ್ದರೂ ಹೇಳಲೇಬೇಕು.

ಹಾಲು ನಿಲ್ಲಿಸಬೇಕಿಲ್ಲ. ಔಷಧಿ ಹಾಲಿಗೆ ಹೋಗುವುದು ತೀರಾ ಕಡಿಮೆ. ಆದರೂ ಮಗುವಿಗೆ ಕುಡಿಸುತ್ತಿದ್ದೇನೆ ಎಂದು ಡಾಕ್ಟರಿಗೆ ಹೇಳಿ.

ಮೆಡಿಕಲ್ ಅಂಗಡಿಯವ

ನರ್ಸ್ ಅಕ್ಕ ಹೇಳಿದ್ದು ನೂರಕ್ಕೆ ನೂರು ಸರಿ. ನನ್ನದು ಗಡಿ ಹತ್ತಿರ ಅಂಗಡಿ. ಈ ಮಾತ್ರೆಗಳ ಕಿಟ್ಟಿನ ಫೋಟೋ ಮೊಬೈಲಿನಲ್ಲಿ ತೋರಿಸಿ "ಇದು ಕೊಡಿ" ಎನ್ನುವವರು ಬರುತ್ತಲೇ ಇರುತ್ತಾರೆ. ಹೆಚ್ಚಾಗಿ ಗಂಡಸರು. ಯಾರಿಗೆ, ಎಷ್ಟು ವಾರ ಎಂದರೆ ಉತ್ತರ ಇರುವುದಿಲ್ಲ. ಇದು ಡಾಕ್ಟರ ಚೀಟಿ ಇಲ್ಲದೆ ಮಾರಬಾರದ ಔಷಧಿ. ಕೊಡುವ ಅಂಗಡಿಗಳೂ ಇವೆ ಎಂಬುದು ನಿಜ, ಅದು ನನಗೆ ತುಂಬಾ ಬೇಸರದ ವಿಷಯ.

ಒಂದು ಪಟ್ಟಿಯಲ್ಲಿ ಐದು ಮಾತ್ರೆ. ಒಂದು ಬೇರೆ, ನಾಲ್ಕು ಬೇರೆ. ಯಾವುದು ಮೊದಲು, ಎಷ್ಟು ಹೊತ್ತು ಬಿಟ್ಟು ಮುಂದಿನದು, ನುಂಗುವುದೋ ನಾಲಗೆ ಕೆಳಗೆ ಇಡುವುದೋ, ಇದೆಲ್ಲ ಗೊತ್ತಿಲ್ಲದೆ ಐದನ್ನೂ ಒಟ್ಟಿಗೆ ನುಂಗಿದವರು ಇದ್ದಾರೆ. ಇನ್ನು ಕೆಲವರು ಐ ಪಿಲ್ ಮತ್ತು ಇದು ಒಂದೇ ಅಂದುಕೊಂಡು ಬರುತ್ತಾರೆ. ಒಂದೇ ಅಲ್ಲ. ಐ ಪಿಲ್ ಇರುವುದು ಗಂಡು ಹೆಣ್ಣು ಸೇರಿದ 72 ಗಂಟೆಯೊಳಗೆ ತೆಗೆದುಕೊಂಡು ಗರ್ಭ ನಿಲ್ಲದಂತೆ ತಡೆಯುವುದಕ್ಕೆ. ನಿಂತ ಗರ್ಭವನ್ನು ಅದು ತೆಗೆಯುವುದಿಲ್ಲ.

ಪೆರ್ಲದ ಓದುಗಿ

ನಾನು ಇದೇ ದಾರಿಯಲ್ಲಿ ಬಂದವಳು. ನನ್ನ ಅನುಭವ ಹೇಳುತ್ತೇನೆ, ಎಲ್ಲರಿಗೂ ಹೀಗೇ ಆಗುತ್ತದೆ ಎಂದಲ್ಲ.

ಮೊದಲ ಮಾತ್ರೆ ಡಾಕ್ಟರ ಎದುರೇ ನುಂಗಿದೆ. ಆ ದಿನ ಏನೂ ಆಗಲಿಲ್ಲ, ಸ್ವಲ್ಪ ವಾಕರಿಕೆ ಅಷ್ಟೇ. ಎರಡನೆಯದು ಮನೆಯಲ್ಲಿ. ನಾಲ್ಕು ಮಾತ್ರೆ ಕೆನ್ನೆಯ ಒಳಬದಿಯಲ್ಲಿ, ಎರಡೂ ಕಡೆ ಎರಡೆರಡು ಇಟ್ಟುಕೊಳ್ಳಲು ಹೇಳಿದ್ದರು. ಬಾಯಿಯಲ್ಲಿ ಸೀಮೆಸುಣ್ಣದ ಹಾಗೆ ಕರಗುತ್ತದೆ. ಅರ್ಧ ಗಂಟೆ ಆದ ಮೇಲೆ ಉಳಿದದ್ದನ್ನು ನೀರಿನ ಜೊತೆ ನುಂಗಿದೆ. ಸ್ವಲ್ಪ ಹೊತ್ತಿಗೆ ಚಳಿ ನಡುಕ ಬಂತು, ಭೇದಿಯೂ ಆಯಿತು. ಮತ್ತೆ ನೋವು. ಮುಟ್ಟಿನ ನೋವಿಗಿಂತ ತುಂಬಾ ಜಾಸ್ತಿ. ಗಟ್ಟಿ ಗಟ್ಟಿ ರಕ್ತ ಹೋಯಿತು. ಸಂಜೆ ಹೊತ್ತಿಗೆ ನೋವು ಇಳಿಯಿತು. ಆಮೇಲೆ ಸ್ವಲ್ಪ ಸ್ವಲ್ಪ ರಕ್ತ ಎರಡು ವಾರದ ಹತ್ತಿರ ಹೋಗುತ್ತಲೇ ಇತ್ತು.

ನೋವಿನ ಮಾತ್ರೆ ಮೊದಲೇ ಬರೆಸಿಕೊಳ್ಳಿ. ಬರೀ ಪ್ಯಾರಾಸಿಟಮಾಲ್ ಸಾಲುವುದಿಲ್ಲ. ದೊಡ್ಡ ಪ್ಯಾಡ್ ತಂದಿಡಿ. ಆ ದಿನ ಮಗುವನ್ನು ನೋಡಿಕೊಳ್ಳಲು ಒಬ್ಬರು ಬೇಕೇ ಬೇಕು. ನನ್ನ ಅಕ್ಕ ಬಂದು ಕೂತಿದ್ದಳು, ಗಂಜಿ ಮಾಡಿ ಕೊಟ್ಟಳು. ಅದು ದೊಡ್ಡ ಉಪಕಾರ.

ನನ್ನನ್ನು ನೋಯಿಸಿದ್ದು ಬೇರೆ ಸಂಗತಿ. ಮೊದಲು ಹೋದ ಒಂದು ಆಸ್ಪತ್ರೆಯಲ್ಲಿ "ಗಂಡನನ್ನು ಕರೆದುಕೊಂಡು ಬಾ, ಸಹಿ ಹಾಕಲಿ" ಎಂದು ಎಲ್ಲರ ಎದುರು ಗಟ್ಟಿಯಾಗಿ ಹೇಳಿದರು. ನಾಚಿಕೆಯಿಂದ ತಲೆ ತಗ್ಗಿಸಿ ಬಂದೆ. ಆಮೇಲೆ ಪುತ್ತೂರಿಗೆ ಹೋದೆ. ಅಲ್ಲಿ ಯಾರೂ ಕೇಳಲಿಲ್ಲ.

ಮುಳ್ಳೇರಿಯದ ಅಮ್ಮ

ನಾನು ವಯಸ್ಸಾದವಳು. ನನ್ನ ಮಾತು ಯಾರಿಗೂ ಬೇಸರ ಮಾಡದಿರಲಿ. ನನಗೂ ಹೀಗೆ ಮೇಲಿಂದ ಮೇಲೆ ಗರ್ಭ ನಿಂತಿತ್ತು. ನಾನು ಇಟ್ಟುಕೊಂಡೆ. ಆ ಮಗಳೇ ಈಗ ನನ್ನನ್ನು ನೋಡಿಕೊಳ್ಳುವುದು. ಹಾಗಾಗಿ ಇಟ್ಟುಕೊಳ್ಳಲು ಆಗುತ್ತದಾ ಎಂದು ಇನ್ನೊಂದು ಸಲ ಯೋಚಿಸು ಮಗಳೇ. ನನ್ನ ನಂಬಿಕೆಯಲ್ಲಿ ಅದೊಂದು ಜೀವ.

ಆದರೆ ಒಂದು ಮಾತು. ನನಗೆ ಆಗ ಅತ್ತೆ, ನಾದಿನಿ, ತುಂಬಿದ ಮನೆ. ಮಗು ಎತ್ತಿಕೊಳ್ಳಲು ಹತ್ತು ಕೈ ಇತ್ತು. ಹೊಟ್ಟೆ ಕೊಯ್ದಿರಲಿಲ್ಲ. ನಿನ್ನ ಹಾಗಲ್ಲ. ನೀನು ಏನೇ ಮಾಡಿದರೂ ಬಪ್ಪಂಗಾಯಿ (ಪಪ್ಪಾಯಿ), ಎಳ್ಳು ಬೆಲ್ಲ, ಯಾರೋ ಕೊಟ್ಟ ಬೇರು, ಕಡ್ಡಿ ಎಂದು ಹೋಗಬೇಡ. ನಮ್ಮ ಕಾಲದಲ್ಲಿ ಹಾಗೆ ಮಾಡಿ ಸತ್ತವರನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಬದಿಯಡ್ಕದ ತಾಯಿ

ಅಮ್ಮಾ, ನಿಮ್ಮ ಮಾತಿನಿಂದ ಬೇಸರ ಆಗಲಿಲ್ಲ. ಅಳು ಬಂತು, ಆದರೆ ಬೇಸರದ ಅಳು ಅಲ್ಲ. ನಾನೂ ಇದನ್ನು ಹಗುರವಾಗಿ ತೆಗೆದುಕೊಂಡಿಲ್ಲ. ತೊಟ್ಟಿಲಲ್ಲಿರುವ ಮಗುವನ್ನು ಸರಿಯಾಗಿ ನೋಡಿಕೊಳ್ಳಬೇಕು ಎಂಬುದೇ ನನ್ನ ಯೋಚನೆ.

ಸಂಬಂಧಿಗೆ ಮಾತ್ರೆ ತರಬೇಡ ಎಂದು ಹೇಳಿದೆ. ಡಾಕ್ಟರ ಹತ್ತಿರ ಹೋಗುತ್ತೇನೆ. ಸಹಿಯ ವಿಷಯ ಯಾರಾದರೂ ಖಚಿತವಾಗಿ ಹೇಳುತ್ತೀರಾ? ತಲಪಾಡಿ ಗಡಿ ದಾಟಿ ಕೇರಳದಿಂದ ಕರ್ನಾಟಕಕ್ಕೆ ಹೋದರೆ ಕಾನೂನು ಬೇರೆಯಾಗುತ್ತದಾ?

ಗಡಿನಾಡ ವಕೀಲೆ

ಖಚಿತವಾಗಿ ಹೇಳುತ್ತೇನೆ. ಹದಿನೆಂಟು ತುಂಬಿದ ಹೆಂಗಸಿಗೆ ಅವಳ ಸಹಿ ಮಾತ್ರ ಸಾಕು. ಗಂಡನದ್ದೂ ಬೇಡ, ಅತ್ತೆ ಮಾವನದ್ದೂ ಬೇಡ, ತವರಿನವರದ್ದೂ ಬೇಡ. ಹದಿನೆಂಟರ ಒಳಗಿನವರಿಗೆ ಮತ್ತು ಮಾನಸಿಕ ಕಾಯಿಲೆ ಇರುವವರಿಗೆ ಮಾತ್ರ ಪೋಷಕರ ಒಪ್ಪಿಗೆ ಕೇಳುತ್ತದೆ ಕಾನೂನು. ಪೆರ್ಲದ ಅಕ್ಕನಿಗೆ ಸಹಿ ಕೇಳಿದ್ದು ಕಾನೂನಿನಲ್ಲಿ ಇಲ್ಲದ ಮಾತು. ಇಂಥದ್ದು ಕೇಳಿದಾಗ ನನಗೆ ಸಿಟ್ಟು ಬರುತ್ತದೆ. ಹೀಗೆ ವಾಪಸ್ ಕಳಿಸಿದ ಹೆಂಗಸರೇ ಕೊನೆಗೆ ಚೀಟಿ ಇಲ್ಲದ ಮಾತ್ರೆಗೆ ಹೋಗುವುದು. ಅಷ್ಟರಲ್ಲಿ ಒಂಬತ್ತು ವಾರವೂ ದಾಟಿರುತ್ತದೆ.

ಇದು 1971ರ ಕೇಂದ್ರ ಕಾನೂನು, ಕೇರಳಕ್ಕೂ ಕರ್ನಾಟಕಕ್ಕೂ ಒಂದೇ. 2021ರಲ್ಲಿ ತಿದ್ದುಪಡಿ ಆಯಿತು. ಇಪ್ಪತ್ತು ವಾರದ ತನಕ ಒಬ್ಬ ಡಾಕ್ಟರ ಅಭಿಪ್ರಾಯ ಸಾಕು. ಇಪ್ಪತ್ತರಿಂದ ಇಪ್ಪತ್ತನಾಲ್ಕು ವಾರಕ್ಕೆ ಇಬ್ಬರು ಡಾಕ್ಟರು ಬೇಕು, ಅದೂ ಕೆಲವು ಗುಂಪಿನ ಹೆಂಗಸರಿಗೆ ಮಾತ್ರ. ಹೆಂಗಸಿನ ದೇಹಕ್ಕಾಗಲಿ ಮನಸ್ಸಿಗಾಗಲಿ ತೊಂದರೆಯಾಗುವಂತಿದ್ದರೆ ಡಾಕ್ಟರ್ ಒಪ್ಪಬಹುದು. ಅವಳ ಮನೆಯ, ಸುತ್ತಲಿನ ಪರಿಸ್ಥಿತಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬಹುದು ಎಂದು ಕಾನೂನಿನಲ್ಲೇ ಇದೆ. ಗರ್ಭ ತಡೆಯಲು ಮಾಡಿದ ಉಪಾಯ ಕೈಕೊಟ್ಟರೆ ಅದೂ ಕಾರಣವೇ. ಮೊದಲು ಕಾನೂನಿನ ಆ ಭಾಗದಲ್ಲಿ "ಮದುವೆಯಾದ ಹೆಂಗಸು ಅಥವಾ ಅವಳ ಗಂಡ" ಎಂದಿತ್ತು. 2021ರಲ್ಲಿ ಅದನ್ನು ಯಾವುದೇ ಹೆಂಗಸು ಅಥವಾ ಅವಳ ಸಂಗಾತಿ ಎಂದು ಬದಲಿಸಿದರು. 2022ರ ಸೆಪ್ಟೆಂಬರ್ 29ರಂದು ಸುಪ್ರೀಂ ಕೋರ್ಟ್ ಮದುವೆಯಾಗದವರಿಗೂ ಇಪ್ಪತ್ತನಾಲ್ಕು ವಾರದವರೆಗಿನ ಅವಕಾಶ ಇದೆ ಎಂದಿತು. ಇಲ್ಲಿ ಓದುತ್ತಿರುವ ಹುಡುಗಿಯರೂ ಇದನ್ನು ತಿಳಿದಿರಲಿ.

ಗುಟ್ಟಿನ ವಿಷಯ. ನಿಮ್ಮ ಹೆಸರು, ವಿವರ ಹೊರಗೆ ಹೇಳಿದ ಡಾಕ್ಟರಿಗೆ ಒಂದು ವರ್ಷದ ತನಕ ಜೈಲು ಆಗಬಹುದು. "ಈ ವಿಷಯ ಬೇರೆ ಯಾರಿಗೂ ಹೇಳಬೇಡಿ" ಎಂದು ಹೋದ ಕೂಡಲೇ ಬಾಯಿಬಿಟ್ಟು ಹೇಳಿ.

ಡಾಕ್ಟರ್ ಮೂಲಕವೇ ಹೋಗಿ ಎನ್ನಲು ಇನ್ನೊಂದು ಕಾರಣವೂ ಇದೆ. ಈ ಕಾನೂನಿನ ರಕ್ಷಣೆ ಇರುವುದು ಅದಕ್ಕೆ ಅರ್ಹತೆ ಇರುವ ಡಾಕ್ಟರ್ ಮಾಡಿದಾಗ. ಅದರ ಹೊರಗೆ ಮಾಡಿದ ಗರ್ಭಪಾತ ಈಗಲೂ ಅಪರಾಧ, ಹೆಂಗಸಿನ ಮೇಲೂ ಕೇಸು ಬರಬಹುದು. ಹಾಗಿರಬಾರದು ಎಂಬುದು ನನ್ನ ಅಭಿಪ್ರಾಯ, ಆದರೆ ಇರುವುದು ಹಾಗೆ.

ಒಪ್ಪಿಗೆಯ ಫಾರಂ ನಮ್ಮ ಕಡೆ ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಕೊಡುತ್ತಾರೆ. ಓದಲು ಬಾರದಿದ್ದರೆ "ಕನ್ನಡದಲ್ಲಿ ಹೇಳಿ" ಎಂದು ಕೇಳಿ, ಅರ್ಥವಾದ ಮೇಲೆ ಸಹಿ ಹಾಕಿ. ಮಲಯಾಳ ಬಾರದು ಎಂದು ಸಂಕೋಚ ಬೇಡ. ಕಾಸರಗೋಡಿನಲ್ಲಿ ಕನ್ನಡದಲ್ಲಿ ಕೇಳುವುದು ನಮ್ಮ ಹಕ್ಕು.

ಸೀತಾಂಗೋಳಿಯವ

ಗಂಡಸಾಗಿ ಒಂದು ಮಾತು. ನಾನೂ ಗಲ್ಫಿನಲ್ಲಿ ಇದ್ದವನು. "ನಿನಗೆ ಸರಿ ಕಂಡದ್ದು ಮಾಡು" ಎಂದು ಫೋನಿನಲ್ಲಿ ಹೇಳುವುದು ಒಳ್ಳೆಯದೇ, ಆದರೆ ಅಷ್ಟು ಸಾಲುವುದಿಲ್ಲ. ದುಡ್ಡು ಕಳಿಸಲಿ. ನಿಮ್ಮ ಜೊತೆ ಹೋಗಲು ಒಬ್ಬರನ್ನು ಅವರೇ ಗೊತ್ತು ಮಾಡಲಿ. ನೋವಿನ ದಿನ ಫೋನ್ ಹತ್ತಿರವೇ ಇರಲಿ. ಅತ್ತೆಗೆ ಹೇಳಬೇಕೆಂದಿದ್ದರೆ ಆ ಮಾತನ್ನು ಮಗನೇ ಆಡಲಿ, ಸೊಸೆ ಮೇಲೆ ಹಾಕುವುದು ಬೇಡ.

ಉಪ್ಪಳದ ಅಕ್ಕ

ತಮ್ಮಾ, ಚೆನ್ನಾಗಿ ಹೇಳಿದಿರಿ.

ಎಲ್ಲಿಗೆ ಹೋಗುವುದು ಎಂಬುದಕ್ಕೆ: ಕಾಸರಗೋಡಿನ ಜನರಲ್ ಆಸ್ಪತ್ರೆ ಇದೆ, ಕಾಞಂಗಾಡಿನಲ್ಲಿ ಜಿಲ್ಲಾ ಆಸ್ಪತ್ರೆ ಇದೆ. ಪರಿಚಯದವರ ಹೆದರಿಕೆ ಇದ್ದರೆ ಮಂಗಳೂರಿನ ಲೇಡಿ ಗೋಶನ್, ಅದು ಸರ್ಕಾರದ್ದೇ ಹೆಂಗಸರ ಆಸ್ಪತ್ರೆ. ಆದರೆ ಒಂದು ಯೋಚನೆ ಮಾಡಿ. ಎರಡನೇ ಮಾತ್ರೆಯ ದಿನ ರಾತ್ರಿ ರಕ್ತ ಜಾಸ್ತಿ ಹೋದರೆ ಬದಿಯಡ್ಕದಿಂದ ಮಂಗಳೂರಿಗೆ ಓಡುವುದು ಕಷ್ಟ. ಹತ್ತಿರ ಯಾವ ಆಸ್ಪತ್ರೆ ರಾತ್ರಿ ತೆರೆದಿರುತ್ತದೆ, ಯಾರ ಗಾಡಿ ಸಿಗುತ್ತದೆ ಎಂದು ಮೊದಲೇ ನೋಡಿಟ್ಟುಕೊಳ್ಳಿ. ಕೇರಳದ ದಿಶಾ ಸಹಾಯವಾಣಿ 1056, ಅದೂ ಫೋನಿನಲ್ಲಿ ಇರಲಿ.

ಬದಿಯಡ್ಕದ ತಾಯಿ

ಹೋಗಿ ಬಂದೆ. ಅಮ್ಮನಿಗೆ ಹೇಳಿದೆ, ಅವರೇ ಜೊತೆಗೆ ಬಂದರು. ಸ್ಕ್ಯಾನಿನಲ್ಲಿ ಏಳು ವಾರ ದಾಟಿದೆ ಎಂದರು. ನಾನು ಐದು ಎಂದುಕೊಂಡಿದ್ದೆ. ಗರ್ಭ ಸರಿಯಾದ ಜಾಗದಲ್ಲೇ ಇದೆ, ಹೊಲಿಗೆಯಿಂದ ದೂರ. ಹಿಮೋಗ್ಲೋಬಿನ್ ಹತ್ತರ ಹತ್ತಿರ. ಡಾಕ್ಟರಮ್ಮ ಇಟ್ಟುಕೊಂಡರೆ ಹೇಗೆ, ತೆಗೆಸಿದರೆ ಹೇಗೆ ಎರಡೂ ಹೇಳಿದರು. ಇಟ್ಟುಕೊಳ್ಳುವುದಾದರೆ ಹೊಲಿಗೆ ಹೊಸದಾದ ಕಾರಣ ತುಂಬಾ ಜಾಗ್ರತೆಯಿಂದ ನೋಡಬೇಕಾಗುತ್ತದೆ, ಆದರೆ ಆಗದ್ದೇನಲ್ಲ ಎಂದರು. ಒತ್ತಾಯ ಮಾಡಲಿಲ್ಲ. ಗಂಡನ ಸಹಿ ಕೇಳಲಿಲ್ಲ. ಫಾರಂ ಓದಿ ಹೇಳಿದರು.

ಮಾತ್ರೆಯೇ ಸಾಕು ಎಂದು ನಿರ್ಧಾರ ಮಾಡಿದೆ. ಮೊದಲನೆಯದು ಅಲ್ಲೇ ತೆಗೆದುಕೊಂಡೆ. ಈಗ ತವರಿನಲ್ಲಿದ್ದೇನೆ. ಎರಡನೆಯದು ನಾಡಿದ್ದು. ಯಾವಾಗ ಹೆದರಬೇಕು, ಯಾವಾಗ ಹೆದರಬೇಕಿಲ್ಲ ಎಂದು ಸ್ವಲ್ಪ ಹೇಳುತ್ತೀರಾ ಅಕ್ಕ?

ಹೆರಿಗೆ ವಾರ್ಡಿನ ನರ್ಸ್

ಅಮ್ಮನ ಹತ್ತಿರ ಇದ್ದೀರಿ ಎಂದು ಕೇಳಿ ನನಗೆ ತುಂಬಾ ಸಮಾಧಾನ ಆಯಿತು.

ಈಗ ಮೊದಲ ಮಾತ್ರೆ ಆಗಿದೆ, ಹಾಗಾಗಿ ಎರಡನೆಯದನ್ನು ತಪ್ಪಿಸಬೇಡಿ. ಅದನ್ನು ತೆಗೆದುಕೊಂಡ ಮೇಲೂ ಗರ್ಭ ಉಳಿದರೆ ಮಗುವಿಗೆ ಊನ ಆಗುವ ಅಪಾಯ ಇದೆ. ಅದಕ್ಕೇ ಹದಿನೈದನೇ ದಿನ ತೋರಿಸಲು ಹೋಗಲೇಬೇಕು, ರಕ್ತ ನಿಂತಿದ್ದರೂ.

ಮಾತ್ರೆ ಇಟ್ಟ ಕೆಲವು ಗಂಟೆಯಲ್ಲಿ ರಕ್ತ ಶುರುವಾಗುತ್ತದೆ. ಗಟ್ಟಿ ಹೋಗುವುದು, ಚಳಿ, ಸಣ್ಣ ಜ್ವರ, ಭೇದಿ, ಇವು ಆ ದಿನದ ಮಟ್ಟಿಗೆ ಸಾಮಾನ್ಯ. ಒಂದು ಗಂಟೆಗೆ ಎರಡು ದೊಡ್ಡ ಪ್ಯಾಡ್ ಪೂರ್ತಿ ನೆನೆದು, ಎರಡು ಗಂಟೆ ಹಾಗೇ ಮುಂದುವರಿದರೆ ಕಾಯಬೇಡಿ, ಆಸ್ಪತ್ರೆಗೆ ಹೋಗಿ. ಮರುದಿನವೂ ಜ್ವರ ಬಿಡದಿದ್ದರೆ, ಕೆಟ್ಟ ವಾಸನೆಯ ಸ್ರಾವ ಇದ್ದರೆ, ಔಷಧಿಗೂ ನೋವು ಬಗ್ಗದಿದ್ದರೆ ಹೋಗಿ. ಇಪ್ಪತ್ತನಾಲ್ಕು ಗಂಟೆ ಕಳೆದರೂ ರಕ್ತವೇ ಬಾರದಿದ್ದರೆ ಡಾಕ್ಟರಿಗೆ ಫೋನ್ ಮಾಡಿ. ಯಾವ ಆಸ್ಪತ್ರೆಗೆ ಹೋದರೂ ಏನು ತೆಗೆದುಕೊಂಡಿದ್ದೀರಿ ಎಂದು ಮುಚ್ಚಿಡದೆ ಹೇಳಿ.

ಮುಂದೆ ಮಕ್ಕಳಾಗುವುದಿಲ್ಲ ಎಂದು ಯಾರಾದರೂ ಹೆದರಿಸಿದರೆ ನಂಬಬೇಡಿ. ಸರಿಯಾಗಿ ಆದ ಗರ್ಭಪಾತದಿಂದ ಹಾಗೆ ಆಗುವುದಿಲ್ಲ. ಮನಸ್ಸಿಗೆ ಕೆಲವರಿಗೆ ಹಗುರ ಅನಿಸುತ್ತದೆ, ಕೆಲವರಿಗೆ ದುಃಖ ಆಗುತ್ತದೆ, ಎರಡೂ ಒಟ್ಟಿಗೆ ಆಗುವುದೂ ಉಂಟು. ಅತ್ತುಬಿಡಿ, ತಪ್ಪೇನಿಲ್ಲ.

ಪೆರ್ಲದ ಓದುಗಿ

ನಾಡಿದ್ದು ಏನೇ ಆದರೂ ಇಲ್ಲಿ ಬರೆಯಿರಿ ತಂಗೀ, ನಾನು ನೋಡುತ್ತಿರುತ್ತೇನೆ. ನರ್ಸ್ ಅಕ್ಕ, ಹಾಲು ಕುಡಿಸುವವರು ಇದರ ನಂತರ ಏನು ಬಳಸಬಹುದು? ನನಗೆ ಆಗ ಯಾರೂ ಹೇಳಲಿಲ್ಲ.

ಹೆರಿಗೆ ವಾರ್ಡಿನ ನರ್ಸ್

ಒಳ್ಳೆಯ ಪ್ರಶ್ನೆ. ಇದಾದ ಎಂಟು ಹತ್ತು ದಿನದಲ್ಲೇ ಮತ್ತೆ ಅಂಡ ಬಿಡುಗಡೆ ಆಗಬಹುದು. ಮುಂದಿನ ಮುಟ್ಟು ಬರಲಿ ಎಂದು ಕಾಯುತ್ತಾ ಕೂತರೆ ತಡವಾಗುತ್ತದೆ.

ಸರ್ಕಾರಿ ಆಸ್ಪತ್ರೆಯಲ್ಲಿ ಅಂತರಾ ಎಂಬ ಇಂಜೆಕ್ಷನ್ ಪುಕ್ಕಟೆ ಸಿಗುತ್ತದೆ, ಮೂರು ತಿಂಗಳಿಗೊಂದು. ಛಾಯಾ ಎಂಬ ಮಾತ್ರೆ ಇದೆ, ಅದರಲ್ಲಿ ಹಾರ್ಮೋನ್ ಇಲ್ಲ. ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೆ ಒಂದು. ಹಾಲು ಕುಡಿಸುವವರಿಗೆ ಎರಡೂ ಆಗುತ್ತದೆ. ಎರಡನೇ ಮಾತ್ರೆಯ ದಿನವೇ ಶುರು ಮಾಡಬಹುದು, ಡಾಕ್ಟರ ಹತ್ತಿರ ಕೇಳಿ. ಗಂಡ ಊರಿನಲ್ಲಿಲ್ಲ, ಈಗ ಬೇಡ ಎಂದಾದರೆ ಅವರು ಬರುವ ಮೊದಲೇ ಶುರು ಮಾಡಿ, ಬಂದ ಮೇಲಲ್ಲ. ಕಾಪರ್ ಟಿ ಬೇಕಾದರೆ ಹದಿನೈದನೇ ದಿನ ಹೋದಾಗಲೇ ಹೇಳಿ. ಪೂರ್ತಿ ಆಗಿದೆ, ಸೋಂಕಿಲ್ಲ ಎಂದು ಕಂಡರೆ ಅಂದೇ ಹಾಕಿ ಕಳಿಸುತ್ತಾರೆ.